ಬೆಳಕಿಗೆ ಹಿಡಿದ ಲೋಟ

ನನಗೊಂದು ಕೆಟ್ಟ ಚಟವಿದೆ. ಎಲೆಯಡಿಕೆಯಲ್ಲ, ಧಾರಾವಾಹಿಯಲ್ಲ, ಪಕ್ಕದ ಮನೆಯ ಮಾತಿಗೆ ಕಿವಿಗೊಡುವುದೂ ಅಲ್ಲ. ಅದೂ ಇದೆ, ಆದರೆ ಅದನ್ನು ನಮ್ಮ ಬೀದಿಯಲ್ಲಿ ಯಾರೂ ಚಟ ಅಂತ ಕರೆಯುವುದಿಲ್ಲ. ನನ್ನದು ಬೇರೆ. ಯಾರ ಮನೆಗೆ ಹೋದರೂ ಅವರು ಕೊಟ್ಟ ನೀರಿನ ಲೋಟವನ್ನು ಬಾಯಿಗಿಡುವ ಮೊದಲು ಕಣ್ಣಿನ ಮಟ್ಟಕ್ಕೆ ಎತ್ತಿ, ಬಾಗಿಲ ಬೆಳಕಿಗೆ ಹಿಡಿದು ನೋಡುತ್ತೇನೆ. ಸ್ಟೀಲ್ ಲೋಟವಾದರೆ ಓರೆ ಮಾಡಿ ಒಳಗೆ ಇಣುಕುತ್ತೇನೆ. ಬೇಕೆಂದು ಮಾಡುವುದಲ್ಲ, ಕೈ ತಾನೇ ಮೇಲೆ ಹೋಗುತ್ತದೆ.

ತಮಾಷೆ ಏನೆಂದರೆ ನಾನು ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲಿಂದ ಕೆಲಸದಲ್ಲಿದ್ದೇನೆ. ಪಂಚಾಯ್ತಿಯವರಿಗೆ, ಶಾಲೆ ಮೇಷ್ಟ್ರುಗಳಿಗೆ ತರಬೇತಿ ಕೊಡುವಾಗ ನಾನು ಹೇಳುವ ಮೊದಲನೆಯ ಮಾತೇ, "ನೀರಿನ ಕೇಡು ಕಣ್ಣಿಗೆ ಕಾಣುವುದಿಲ್ಲ" ಅಂತ. ಹಾಗೆ ಹೇಳಿ, ವೇದಿಕೆ ಇಳಿದು ಬಂದು, ಅವರು ಕೊಟ್ಟ ನೀರನ್ನು ಎತ್ತಿ ಹಿಡಿದು ನೋಡುತ್ತೇನೆ. ಇಂಥವಳಿಗೆ ಏನನ್ನಬೇಕೋ ನೀವೇ ಹೇಳಿ.

ಈ ಚಟದಿಂದ ಅನ್ನಿಸಿಕೊಂಡಿದ್ದು ಕಡಿಮೆಯಲ್ಲ. ಬಿಳಿಕೆರೆಯಲ್ಲಿ ಬಸ್ಸಿಳಿದು ನಾನು ಇಡ್ಲಿ ತಿನ್ನುವ ಹೋಟೆಲೊಂದಿದೆ. ನಾನು ಒಳಗೆ ಕಾಲಿಟ್ಟರೆ ಗಲ್ಲಾದಲ್ಲಿ ಕೂತ ಯಜಮಾನರು ಕೂಗುತ್ತಾರೆ, "ಲೇ, ಮೇಡಂಗೆ ಸೀಲ್ ಬಾಟ್ಲಿ ಕೊಡ್ರಲಾ ಮೊದ್ಲು. ಲೋಟ ಎತ್ತಿ ನೋಡುದ್ರು ಅಂದ್ರೆ ಇರೋ ನಾಕ್ ಗಿರಾಕೀನೂ ಎದ್ದೋಯ್ತವೆ." ಮದುವೆಯಾಗಿ ಪಿರಿಯಾಪಟ್ಟಣದ ಕಡೆಯ ಗಂಡನ ಮನೆಗೆ ಹೊಸ್ತಿಲು ದಾಟಿದ ದಿನವೇ ಅತ್ತೆ ಕೊಟ್ಟ ಹಾಲಿನ ಲೋಟವನ್ನು ಎತ್ತಿಬಿಟ್ಟಿದ್ದೆ. ಅತ್ತೆ ನಡುಮನೆಯಲ್ಲಿ ಹೊಗೆಸೊಪ್ಪಿನ ರಾಶಿ ಹರವಿಕೊಂಡು ಕೂತಿದ್ದರು. "ಏನವ್ವಾ, ವಿಷ ಆಕಿವ್ನಿ ಅನ್ಕಂಡ್ಯಾ? ಆಕಂಗಿದ್ರೆ ಮದ್ವೆಗ್ ಮುಂಚೇನೇ ಆಕ್ತಿರ್ನಿಲ್ವಾ?" ಅಂದರು. ಹಾಗಂದವರು ತಾವು ಒಂದೊಂದು ಎಲೆಯನ್ನೂ ಬಾಗಿಲ ಬೆಳಕಿಗೆ ಹಿಡಿದು ನೋಡಿ, ಇದು ಒಳ್ಳೆ ಗ್ರೇಡು, ಇದು ಕೆಟ್ಟ ಗ್ರೇಡು ಎಂದು ಬೇರೆ ಬೇರೆ ಇಡುತ್ತಿದ್ದರು. ನಾವಿಬ್ಬರೂ ಒಂದೇ ಜಾತಿಯ ಕೆಲಸದವರು ಎಂದು ಆಮೇಲೆ ಹೇಳಿ ನಗಿಸಿದ್ದೆ.

ಈ ಬುದ್ಧಿ ಲ್ಯಾಬಿನಲ್ಲಿ ಕಲಿತದ್ದಲ್ಲ. ಅದು ಬಂದದ್ದು ನಮ್ಮೂರಿನ ಹಾಲಿನ ಡೈರಿಯಿಂದ. ನಮ್ಮೂರು ಕೆ.ಆರ್. ನಗರದ ಸೀಮೆಯಲ್ಲಿ ನಾಲೆಯ ಪಕ್ಕ. ಮನೆಯಲ್ಲಿ ಕೆಂದಿ ಅಂತ ಒಂದು ಹಸು. ಬೆಳಗ್ಗೆ ಅವ್ವ ಹಾಲಿನ ಕ್ಯಾನು ಹಿಡಿದು ಮುಂದೆ, ನಾನು ಅವಳ ಸೆರಗು ಹಿಡಿದು ಹಿಂದೆ. ಡೈರಿಯ ಸೆಕ್ರೆಟರಿ ಎಂಬ ದೊಡ್ಡ ಮನುಷ್ಯರು ನಮ್ಮ ಹಾಲನ್ನು ಉದ್ದನೆಯ ಗಾಜಿನ ಪಾತ್ರೆಗೆ ಸುರಿದು, ಅದರೊಳಗೆ ಲ್ಯಾಕ್ಟೋಮೀಟರು ತೇಲಿಬಿಟ್ಟು, ಎತ್ತಿ ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ಆ ಹೊತ್ತಿಗೆ ಸಾಲಿನಲ್ಲಿದ್ದ ಹೆಂಗಸರೆಲ್ಲ ಮಾತು ನಿಲ್ಲಿಸುತ್ತಿದ್ದರು. ಲೋಕದಲ್ಲಿ ದೊಡ್ಡವರು ಅಂದರೆ ಹೀಗೆ ಎತ್ತಿ ಹಿಡಿದು ನೋಡುವವರು ಎಂದು ನಾನು ಅಂದೇ ತೀರ್ಮಾನ ಮಾಡಿಕೊಂಡೆ. ಮನೆಗೆ ಬಂದು ಮಜ್ಜಿಗೆ, ಬೆಲ್ಲದ ನೀರು, ಅಜ್ಜಿಯ ಕಷಾಯ, ಎಲ್ಲವನ್ನೂ ಎತ್ತಿ ಹಿಡಿದು ಮುಖ ಸಿಂಡರಿಸಿ "ಊಂ, ಪರವಾಗಿಲ್ಲ" ಅನ್ನುತ್ತಿದ್ದೆ. ಅಜ್ಜಿ ನಗುತ್ತಿದ್ದಳು.

ಒಂದು ದಿನ ಸೆಕ್ರೆಟರಿ ಅವ್ವನ ಹಾಲನ್ನು ಎತ್ತಿ ನೋಡಿದವರು ಏನೂ ಹೇಳದೆ ಪಕ್ಕಕ್ಕಿಟ್ಟು, "ಮುಂದಿನವ್ರು ಬನ್ನಿ" ಅಂದರು. ಅವ್ವ ನೀರು ಬೆರೆಸುವವಳಲ್ಲ. ಕ್ಯಾನು ತೊಳೆದ ನೀರು ತಳದಲ್ಲಿ ಉಳಿದಿತ್ತೋ ಏನೋ. ಅವಳು ಹಾಲು ವಾಪಸು ಹೊತ್ತು ತಂದಳು. ಅಂದು ಮನೆಮಂದಿಗೆಲ್ಲ ಶ್ಯಾವಿಗೆ ಪಾಯಸ. ನನಗೋ ಹಬ್ಬವೇ ಹಬ್ಬ, ಮೂರು ಸಲ ಹಾಕಿಸಿಕೊಂಡೆ. ಅವ್ವ ಮಾತ್ರ ಮುಟ್ಟಲಿಲ್ಲ. ಗೋಡೆಗೆ ಒರಗಿ ಕೂತು ಅಜ್ಜಿಗೆ ಹೇಳುತ್ತಿದ್ದಳು, "ಒಂದ್ ಮಾತು ಬೈದಿದ್ರೂ ಆಯ್ತಿತ್ತು ಕಣತ್ತೆ. ನೋಡ್ಬುಟ್ಟು ಅತ್ತಾಗಿಟ್ಬುಟ್ಟ." ಪಾಯಸದ ರುಚಿ ನೆನಪಿದೆ. ಅವ್ವನ ಮಾತು ಮಾತ್ರ ಎರಡು ವರ್ಷದ ಹಿಂದಿನವರೆಗೂ ಮರೆತೇಹೋಗಿತ್ತು.

ಈಗ ಇಷ್ಟೆಲ್ಲ ಹರಟಿದ್ದು ಯಾಕೆಂದರೆ, ಹೇಳಬೇಕಾದದ್ದನ್ನು ಹೇಳಲು ನಾಲಿಗೆ ಹಿಂದೇಟು ಹಾಕುತ್ತಿದೆ. ಆದರೂ ಹೇಳುತ್ತೇನೆ, ಕೇಳಿ.

ನಮ್ಮ ಲ್ಯಾಬು ಅಂದರೆ ಎರಡು ಕೋಣೆ, ಒಂದು ಕಪಾಟು ತುಂಬ ಗಾಜಿನ ಬಾಟಲಿ. ಬಾಟಲಿಗಳನ್ನು ಕಾಯಿಸಿ ಶುದ್ಧ ಮಾಡಿ, ಬಾಯಿಗೆ ಕಂದು ಕಾಗದ ಮುಚ್ಚಿ, ದಾರ ಸುತ್ತಿ ಇಟ್ಟಿರುತ್ತೇವೆ. ಊರಿಗೆ ಹೋಗಿ, ನಲ್ಲಿಯ ಮೂತಿಯನ್ನು ಸ್ಪಿರಿಟ್ಟಿನ ಬೆಂಕಿಯಲ್ಲಿ ಸುಟ್ಟು, ಸ್ವಲ್ಪ ಹೊತ್ತು ನೀರು ಹರಿಯಬಿಟ್ಟು, ಆಮೇಲೆ ಬಾಟಲಿ ಹಿಡಿಯಬೇಕು. ಹಿಡಿಯಬೇಕಾದವಳು ನಾನು. ತಂದ ನೀರನ್ನು ನೇರಳೆ ಬಣ್ಣದ ದ್ರಾವಣವಿರುವ ಟ್ಯೂಬುಗಳಿಗೆ ಹಾಕಿ, ಮೈಬಿಸಿಯಷ್ಟೇ ಬಿಸಿಯಿರುವ ಪೆಟ್ಟಿಗೆಯಲ್ಲಿ ಎರಡು ದಿನ ಇಡುತ್ತೇವೆ. ನೇರಳೆ ನೇರಳೆಯಾಗಿಯೇ ಉಳಿದರೆ ನೀರು ಕುಡಿಯಲು ಯೋಗ್ಯ. ಹಳದಿಗೆ ತಿರುಗಿ ಗುಳ್ಳೆ ಬಂದರೆ ನೀರಿಗೆ ಹೇಲುಚ್ಚೆ ಬೆರೆತಿರಬಹುದು ಎಂದು ಅರ್ಥ. ವರದಿಯಲ್ಲಿ ಇದಕ್ಕೊಂದು ಗೌರವದ ಮಾತಿದೆ, ಆದರೆ ಅರ್ಥ ಇಷ್ಟೇ.

ಎರಡು ವರ್ಷದ ಹಿಂದೆ, ಮುಂಗಾರಿನ ಮೊದಲ ಮಳೆ ಬಿದ್ದು ಹದಿನೈದು ದಿನವಾಗಿತ್ತು. ಎಚ್.ಡಿ. ಕೋಟೆಯ ಕಡೆ, ಬೀಚನಹಳ್ಳಿ ದಾಟಿ, ಹಿನ್ನೀರಿನ ಅಂಚಿನ ಕಾಡಿಗೆ ತಾಗಿದ ಗಿರಿಜನರ ಒಂದು ಹಾಡಿಗೆ ಹೋಗಿದ್ದೆ. ಹಾಡಿಯ ಹೆಸರು ಬೇಡ, ಅವರ ಪಾಡಿಗೆ ಅವರಿರಲಿ. ಜೀಪು ದಿಬ್ಬದ ಕೆಳಗೇ ನಿಂತಿತು. ಮಣ್ಣು ಜಾರುತ್ತಿತ್ತು, ಮಳೆ ಹೊಳವಾಗಿ ಬಿಸಿಲು ಚುರುಗುಟ್ಟುತ್ತಿತ್ತು. ನಾಲ್ಕು ಹೆಜ್ಜೆ ಹತ್ತುವಷ್ಟರಲ್ಲಿ ನನ್ನ ಚಪ್ಪಲಿಯ ಉಂಗುಷ್ಠ ಕಿತ್ತುಕೊಂಡಿತು. ಎಳೆದುಕೊಂಡೇ ಹೋಗಿ ಮೊದಲ ಮನೆಯ ಜಗಲಿಯಲ್ಲಿ ಕುಕ್ಕರಿಸಿದೆ.

ಅದು ಬೊಮ್ಮಿಯ ಮನೆ. ನನ್ನ ವಯಸ್ಸಿನವಳೇ, ಸಣಕಲು ದೇಹ. ಹತ್ತಿರದ ರೆಸಾರ್ಟೊಂದರಲ್ಲಿ ಕಸ ಗುಡಿಸುವ ಕೆಲಸ. ಒಳಗಿನಿಂದ ಅವಳ ಮಗಳು ಗೀತಾ ಸೊಂಟಕ್ಕೆ ಕೈಕೊಟ್ಟುಕೊಂಡು ಬಂದು ಬಾಗಿಲಿಗೆ ಒರಗಿದಳು. ಚೊಚ್ಚಲ ಬಸುರಿ, ಹೆರಿಗೆಗೆ ತವರಿಗೆ ಬಂದಿದ್ದಳು. ಹೊಟ್ಟೆ ಆಗಲೇ ಚೆನ್ನಾಗಿ ಕಾಣುತ್ತಿತ್ತು.

"ಬಿಸ್ಲಲ್ ಬಂದಿದ್ದೀರಿ ಅಮ್ಮೋರೆ, ಕುಡೀರಿ," ಎಂದು ಬೊಮ್ಮಿ ಗಾಜಿನ ಲೋಟದಲ್ಲಿ ನೀರು ತಂದಳು. ರೆಸಾರ್ಟಿನಲ್ಲಿ ಅಂಚು ಸೀಳಿತೆಂದು ಎಸೆದ ಲೋಟವಂತೆ. ಮನೆಯಲ್ಲಿದ್ದ ಒಂದೇ ಗಾಜಿನ ಲೋಟ, ಬಂದವರಿಗೆಂದು ಎತ್ತಿಟ್ಟಿದ್ದಳು.

ನನ್ನ ಕೈ ಮೇಲೆ ಹೋಯಿತು. ಹೊರಗಿನ ಬೆಳಕಿಗೆ ಹಿಡಿದು ನೋಡಿದೆ. ಗೀತಾ ಕಿಸಕ್ಕನೆ ನಕ್ಕಳು. "ಅವ್ವಾ, ಮೇಡಂ ನೀರೊಳ್ಗೆ ಮೀನ್ ಹುಡುಕ್ತಾವ್ರೆ ಕಣವ್ವ!"

ನಾನೂ ನಕ್ಕೆ. ನಗುತ್ತಲೇ ಲೋಟವನ್ನು ಜಗಲಿಯ ಮೇಲೆ ಇಟ್ಟೆ. "ಬಾಯಾರಿಕೆ ಇಲ್ಲ ಕಣಮ್ಮ, ಆಮೇಲೆ ಕುಡೀತೀನಿ," ಅಂದೆ. ಸುಳ್ಳು. ಗಂಟಲು ಒಣಗಿ ಕಟ್ಟಿಗೆಯಾಗಿತ್ತು. ಆದರೆ ಇನ್ನೂ ಪರೀಕ್ಷೆಯಾಗದ ನೀರು, ಮಳೆಗಾಲದ ಶುರು, ನಾನು ಯಾಕೆ ಕುಡಿಯಲಿ? ಅಷ್ಟು ಬುದ್ಧಿವಂತೆ ನಾನು.

ಗೀತಾ ಬಗ್ಗಿ ಲೋಟ ಎತ್ತಿಕೊಂಡಳು. "ಚೆಲ್ಬ್ಯಾಡವ್ವ, ನಾನೇ ಕುಡ್ಕತೀನಿ. ನಂಗೂ ಕೂಸ್ಗೂ ಇಬ್ರಿಗೂ ಬಾಯಾರ್ತದೆ," ಎಂದು ಗಟಗಟನೆ ಕುಡಿದು, ಸೆರಗಿನಲ್ಲಿ ಬಾಯೊರೆಸಿಕೊಂಡಳು.

ನಲ್ಲಿ ಇದ್ದದ್ದು ದಿಬ್ಬದ ಆಚೆ. ಕಿತ್ತ ಚಪ್ಪಲಿಯಲ್ಲಿ ಹತ್ತಿ ಇಳಿಯುವುದು ನನ್ನಿಂದಾಗದು ಅನ್ನಿಸಿತು. ಚೀಲದಿಂದ ಕಾಗದ ಕಟ್ಟಿದ ಬಾಟಲಿ ತೆಗೆದು ಬೊಮ್ಮಿಯ ಕೈಗೆ ಕೊಟ್ಟೆ. "ಇದಕ್ಕೆ ನೀರು ತುಂಬ್ಕೊಂಡು ಬಾರಮ್ಮ," ಅಂದೆ. ಅಷ್ಟೇ ಅಂದದ್ದು. ಇದು ಪರೀಕ್ಷೆಗೆ ಅಂತ ಹೇಳಲಿಲ್ಲ, ನಿಮ್ಮ ನಲ್ಲಿಯದೇ ಬೇಕು ಅಂತ ಹೇಳಲಿಲ್ಲ. ಜೀಪು ಕಂಡಮೇಲೆ ಎಲ್ಲರಿಗೂ ಗೊತ್ತಿರುತ್ತದೆ ಬಿಡು ಎಂಬ ಧಿಮಾಕು.

ಬೊಮ್ಮಿ ಹೋದವಳು ಅರ್ಧ ಗಂಟೆಯ ಮೇಲಾದರೂ ಬರಲಿಲ್ಲ. ಅಷ್ಟು ಹೊತ್ತು ಗೀತಾ ಒಂದು ಪಿನ್ನು ಹುಡುಕಿ ತಂದು ನನ್ನ ಚಪ್ಪಲಿಯ ಉಂಗುಷ್ಠಕ್ಕೆ ಚುಚ್ಚಿ ಸರಿಮಾಡಿಕೊಟ್ಟಳು. ಬಸುರಿ ಕೈಲಿ ಚಪ್ಪಲಿ ಮುಟ್ಟಿಸಬಾರದು ಎಂದರೂ ಕೇಳಲಿಲ್ಲ. ಬೊಮ್ಮಿ ಏದುಸಿರು ಬಿಡುತ್ತಾ ಬಂದು ಬಾಟಲಿಯನ್ನು ಸೆರಗಿನಿಂದ ಒರೆಸಿ ಕೊಟ್ಟಳು. "ಇಷ್ಟೊತ್ತಾ?" ಅಂದೆ. "ಜನ ಇದ್ರು ಅಮ್ಮೋರೆ," ಅಂದಳು. ನಾನು ಚೀಟಿ ಬರೆದು ಅಂಟಿಸಿದೆ: ಹಾಡಿಯ ಹೆಸರು, ಸಾರ್ವಜನಿಕ ನಲ್ಲಿ, ಸಂಗ್ರಹಿಸಿದವರು ಎಂಬಲ್ಲಿ ನನ್ನ ಹೆಸರು.

ಎರಡು ದಿನದ ಮೇಲೆ ಟ್ಯೂಬು ತೆಗೆದು ನೋಡಿದರೆ ಎಲ್ಲವೂ ನೇರಳೆ. ಒಂದರಲ್ಲೂ ಹಳದಿ ಇಲ್ಲ. ಕಾಡಂಚಿನ ನೀರು, ಅಮೃತ, ಅಂದುಕೊಂಡೆ. ಇನ್ನೊಂದು ವಿಷಯವೂ ಇತ್ತು. ಹಾಡಿಯ ನಲ್ಲಿಗೆ ಬರುವ ಬೋರಿನ ನೀರಿನಲ್ಲಿ ಇರಬೇಕಾದ ಉಪ್ಪಿನಂಶ, ಗಡಸುತನ ಇದರಲ್ಲಿ ಇರಲೇ ಇಲ್ಲ. ಮೀಟರಿನ ಅಂಕಿ ಮಿಷನ್ನಿನಲ್ಲಿ ಸೋಸಿದ ನೀರಿನ ಹಾಗೆ ಕೆಳಗಿತ್ತು. ನೋಡಿದೆ. ಮಳೆ ನೀರು ಇಳಿದಿರಬೇಕು ಎಂದುಕೊಂಡು ಬರೆದುಕೊಂಡೆ. ಸಿಕ್ಕ ಸಿಕ್ಕ ಲೋಟವನ್ನೆಲ್ಲ ಬೆಳಕಿಗೆ ಹಿಡಿಯುವವಳು, ಕಣ್ಣೆದುರಿಗಿದ್ದ ಅಂಕಿಯನ್ನು ಅರೆಗಣ್ಣಿನಲ್ಲಿ ನೋಡಿ ಪುಟ ತಿರುವಿದೆ. "ಕುಡಿಯಲು ಯೋಗ್ಯ" ಎಂದು ಸಹಿ ಹಾಕಿ ಕಳಿಸಿದೆ.

ಒಂದೂವರೆ ತಿಂಗಳಾಗಿರಬೇಕು. ಆ ಕಡೆಯ ಆಶಾ ಕಾರ್ಯಕರ್ತೆಯೊಬ್ಬಳು ಫೋನ್ ಮಾಡಿದಳು. "ಮೇಡಂ, ಹಾಡೀಲಿ ಆರೇಳ್ ಜನಕ್ಕೆ ಕಾಮಾಲೆ. ಕಣ್ಣೆಲ್ಲ ಅರಿಶಿನ. ನೀರ್ ಚೆನ್ನಾಗಿದೆ ಅಂತ ನಿಮ್ ಕಾಗ್ದ ಐತೆ ಅಂತ ಯಾರೂ ಕಾಯಿಸ್ತಾ ಇಲ್ಲ." ನನ್ನ ಕಾಗದವನ್ನು ವಾಟರ್‌ಮ್ಯಾನು ನೀರಿನ ತೊಂಬೆಯ ಪಕ್ಕದ ಗೋಡೆಗೆ ಅಂಟಿಸಿದ್ದನಂತೆ. ಕಾಯಿಸಿ ಕುಡಿಯಿರಿ ಎಂದು ಆಶಾ ಹೇಳಿದಾಗಲೆಲ್ಲ ಜನ ಅದನ್ನು ತೋರಿಸುತ್ತಿದ್ದರಂತೆ.

ಕಾಮಾಲೆ ಬೇರೆಯವರಿಗೆ ಬಂದರೆ ಒಂದು ತಿಂಗಳು ಮಲಗಿಸಿ ಎಬ್ಬಿಸುತ್ತದೆ. ಬಸುರಿಗೆ ಬಂದರೆ ಹಾಗಲ್ಲ. ಗೀತಾಳಿಗೆ ಮೊದಲು ನಾಟಿ ಔಷಧಿ ಕುಡಿಸಿದರು. ನಾಲ್ಕನೇ ದಿನ ಮಾತು ತೊದಲಿತು. ಕೋಟೆಯ ಆಸ್ಪತ್ರೆಯವರು ನೋಡಿದ ಕೂಡಲೇ ಮೈಸೂರಿಗೆ ಕಳಿಸಿದರು. ಮೈಸೂರಿನಲ್ಲಿ ಮೂರು ದಿನ ಇದ್ದಳು. ಮೂರನೆಯ ದಿನ ಮಗು ಹೊಟ್ಟೆಯೊಳಗೇ ಹೋಯಿತು, ಅವಳು ಮಾರನೆಯ ಬೆಳಗ್ಗೆ ಹೋದಳು. ನನ್ನ ಟ್ಯೂಬಿನಲ್ಲಿ ಬರಬೇಕಾಗಿದ್ದ ಹಳದಿ ಆ ಹುಡುಗಿಯ ಕಣ್ಣಿನಲ್ಲಿ ಬಂತು.

ಆಮೇಲೆ ಜೀಪುಗಳ ಮೇಲೆ ಜೀಪು. ಪೈಪು ಮೋರಿಯೊಳಗೆ ಹಾದುಹೋಗುವ ಕಡೆ ಒಡೆದಿತ್ತು. ನೀರು ಬಿಡದ ಹೊತ್ತಿನಲ್ಲಿ ಮೋರಿಯ ಕೊಳಚೆ ಒಳಗೆ ಇಳಿಯುತ್ತಿತ್ತು. ನನ್ನ ಸಹೋದ್ಯೋಗಿ ತಂದ ಹೊಸ ಬಾಟಲಿಗಳ ನೀರು ಒಂದೇ ದಿನದಲ್ಲಿ ಹಳದಿಗೆ ತಿರುಗಿತು, ಅಷ್ಟೂ ಟ್ಯೂಬು. "ನೀವು ತಂದ ದಿನ ಪೈಪು ಚೆನ್ನಾಗೇ ಇದ್ದಿರಬಹುದು ಮೇಡಂ, ಯಾರು ಕಂಡವರು?" ಎಂದು ಅವರು ಸಮಾಧಾನ ಹೇಳಿದರು. ಮೇಲಿನವರು ವಿವರಣೆ ಕೇಳಿದರು. ಬಾಟಲಿ ತುಂಬಿಸಿ ತಂದದ್ದು ಹಾಡಿಯ ಹೆಂಗಸು ಎಂದು ಬಾಯಲ್ಲಿ ಹೇಳಿದೆ. "ಸ್ಥಳೀಯರು ಮಾದರಿಯನ್ನು ತಪ್ಪಾಗಿ ಸಂಗ್ರಹಿಸಿದ್ದು" ಎಂದು ಬರೆದರೆ ಸಾಕು, ಫೈಲು ಮುಗಿಯುತ್ತದೆ ಎಂದು ಸೂಚನೆಯನ್ನೂ ಕೊಟ್ಟರು. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಸಾಲನ್ನು ಬರೆದೂ ಬರೆದೆ. ಒಂದು ರಾತ್ರಿ ಅದನ್ನು ಚೀಲದಲ್ಲಿ ಇಟ್ಟುಕೊಂಡಿದ್ದೆ. ಕೊಡುವ ಮೊದಲು ಬೊಮ್ಮಿಯನ್ನು ಒಂದು ಮಾತು ಕೇಳಬೇಕು ಅನ್ನಿಸಿ, ರಜೆ ಹಾಕಿ ಬಸ್ಸು ಹತ್ತಿದೆ.

ಬೊಮ್ಮಿ ಜಗಲಿಯಲ್ಲೇ ಇದ್ದಳು. ನನ್ನನ್ನು ಕಂಡು ಎದ್ದು ಚಾಪೆ ಹಾಸಿದಳು. ಅಳುತ್ತಾಳೆ, ಬೈಯುತ್ತಾಳೆ, ಅಟ್ಟುತ್ತಾಳೆ ಎಂದು ಎಲ್ಲಕ್ಕೂ ತಯಾರಾಗಿ ಹೋಗಿದ್ದೆ. ಚಾಪೆಗೆ ತಯಾರಾಗಿರಲಿಲ್ಲ.

"ಬೊಮ್ಮಿ, ಅವತ್ತು ನನ್ನ ಬಾಟಲಿಗೆ ನೀರು ಎಲ್ಲಿಂದ ತಂದೆ?"

"ರೆಸಾರ್ಟ್ ಗೇಟಿಂದ ಅಮ್ಮೋರೆ," ಅಂದಳು, ಮುಚ್ಚುಮರೆಯಿಲ್ಲದೆ. "ನೀವು ನಮ್ ನೀರ ಎತ್ತಿ ನೋಡುದ್ರಿ. ನೋಡ್ಬುಟ್ಟು ಕೆಳೀಕ್ ಮಡುಗ್ಬುಟ್ರಿ. ಆಮೇಲೆ ಸೀಸೆ ಕೊಟ್ಟು ನೀರು ತಾ ಅಂದ್ರಿ. ನೀವು ಕುಡಿಯಾಕೆ ಅಂತ ನಾನ್ ಅನ್ಕಂಡೆ. ನಮ್ ನೀರ್ ನಿಮ್ಗೆ ಆಗಾಕಿಲ್ಲ ಅಂದ್ಮೇಲೆ ಅದ್ನೇ ಎಂಗ್ ತರಾದು? ನಾಚ್ಕೆ ಆಯ್ತು. ಅಲ್ಲಿ ಮಿಷನ್ ನೀರು ಐತೆ. ನಾವ್ ಮನೆಗ್ ತರಂಗಿಲ್ಲ. ವಾಚ್‌ಮನ್ ಅಣ್ಣನ್ ಕಾಲ್ ಇಡ್ಕಂಡು, ಮೇಡಂ ಬಂದವ್ರೆ ಒಂದ್ ಸೀಸೆ ಕೊಡಣ್ಣ ಅಂದೆ. ಕೊಟ್ಟ."

ಚಾಪೆಯ ಅಂಚು ಸರಿಮಾಡುತ್ತಾ, "ನನ್ ಮಗ್ಳಿಗೆ ಅಂತ ಒಂದ್ ದಿನಾನೂ ಕೇಳಿರ್ನಿಲ್ಲ," ಅಂದಳು.

ಆಗ ನನಗೆ ಅವ್ವ ನೆನಪಾದಳು. ಗೋಡೆಗೆ ಒರಗಿ, ಪಾಯಸ ಮುಟ್ಟದೆ ಕೂತಿದ್ದ ಅವ್ವ. ನೋಡ್ಬುಟ್ಟು ಅತ್ತಾಗಿಟ್ಬುಟ್ಟ ಅಂದಿದ್ದಳಲ್ಲ, ಅದನ್ನೇ ನಾನು ಈ ಹೆಂಗಸಿಗೆ ಮಾಡಿದ್ದೆ. ಚೀಲದಲ್ಲಿದ್ದ ಕಾಗದವನ್ನು ಅಲ್ಲೇ ಹರಿದೆ. ಮಾದರಿಯನ್ನು ನಾನು ಸಂಗ್ರಹಿಸಿಲ್ಲ, ಸಂಗ್ರಹಿಸಿದ್ದಾಗಿ ಸಹಿ ಹಾಕಿದ್ದು ನನ್ನ ತಪ್ಪು ಎಂದು ಮಾರನೆಯ ದಿನ ಬರೆದುಕೊಟ್ಟೆ. ಅದರಿಂದ ನನಗಾದದ್ದು ಅಂಥ ದೊಡ್ಡದೇನಲ್ಲ, ಬಿಡಿ.

ಬೊಮ್ಮಿ ಒಳಗೆ ಹೋಗಿ ಅದೇ ಅಂಚು ಸೀಳಿದ ಲೋಟದಲ್ಲಿ ನೀರು ತಂದಳು. ನನ್ನ ಕೈಗೆ ಕೊಡಲಿಲ್ಲ. ಬಾಗಿಲ ಬಳಿ ನಿಂತು ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿದಳು. ಆಮೇಲೆ ತಂದು ಕೊಟ್ಟಳು.

"ಕಾಯ್ಸಿವ್ನಿ, ಕುಡೀರಿ. ಅವ್ಳು ಓದಾಗ್ಲಿಂದ ದಿನಾ ಇಂಗೇ ನೋಡ್ತೀನಿ ಅಮ್ಮೋರೆ. ನಂಗೇನೂ ಕಾಣಾಕಿಲ್ಲ. ಅದ್ರಾಗೆ ಏನ್ ನೋಡ್ಬೇಕು, ನಂಗೂ ವಸಿ ಏಳ್ಕೊಡಿ."

"ಏನೂ ಕಾಣಲ್ಲ ಬೊಮ್ಮಿ. ಯಾರಿಗೂ ಕಾಣಲ್ಲ."

"ಅವತ್ತು ನಿಮ್ಗೂ ಏನೂ ಕಂಡಿರ್ನಿಲ್ವಾ?"

"ಇಲ್ಲ."

"ಮತ್ಯಾಕೆ ಕೆಳೀಕ್ ಮಡುಗುದ್ರಿ?"

ಲೋಟವನ್ನು ಎರಡು ಕೈಯಲ್ಲಿ ಹಿಡಿದು, ಎತ್ತದೆ, ತಲೆ ತಗ್ಗಿಸಿ ಕುಡಿದೆ. ನೀರು ಬೆಚ್ಚಗಿತ್ತು, ಸೌದೆ ಹೊಗೆಯ ವಾಸನೆ ಇತ್ತು. ಕುಡಿದು ಲೋಟ ಇಟ್ಟಮೇಲೂ ಬೊಮ್ಮಿ ನನ್ನ ಮುಖವನ್ನೇ ನೋಡುತ್ತಾ ಕೂತಿದ್ದಳು.